'ಆಪ್ ಜೈಸಾ ಕೋಯಿ' ಗೆದ್ದದ್ದು ಸಿನಿಮಾದಿಂದಲೋ, ಆ ಹುಡುಗಿಯ ದನಿಯಿಂದಲೋ?

ಹಳೇ ರೇಡಿಯೊ
ಮೊನ್ನೆ ರಾತ್ರಿ ಮಗಳು ಫೋನಿನಲ್ಲಿ 'ಆಪ್ ಜೈಸಾ ಕೋಯಿ' ಹಾಕಿಕೊಂಡು ಕೂತಿದ್ದಳು. ಈಗ ಮತ್ತೆ ಮಾಡಿರುವುದಲ್ಲ, 1980ರ 'ಕುರ್ಬಾನಿ' ಸಿನಿಮಾದ ಮೂಲ ಹಾಡು. "ಅಪ್ಪಾ, ಇದನ್ನ ಹಾಡಿದವಳಿಗೆ ಆಗ ನನ್ನಷ್ಟೇ ವಯಸ್ಸಂತೆ" ಅಂದಳು. ಲೆಕ್ಕ ಹಾಕಿ ನೋಡಿದೆ. ನಾಜಿಯಾ ಹಸನ್ ಹುಟ್ಟಿದ್ದು 1965ರ ಏಪ್ರಿಲ್‌ನಲ್ಲಿ. ಸಿನಿಮಾ ಬಂದದ್ದು 1980ರ ಜೂನ್‌ನಲ್ಲಿ. ಅಂದರೆ 15 ತುಂಬಿ ಎರಡೇ ತಿಂಗಳು. ರೆಕಾರ್ಡಿಂಗ್ ಅದಕ್ಕೂ ಮೊದಲೇ ಆಗಿರಬೇಕಲ್ವಾ. ಇಷ್ಟು ವರ್ಷ ಆ ಹಾಡು ಕೇಳಿದ್ದೀನಿ, ಒಂದು ದಿನವೂ ಇದು ತಲೆಗೆ ಹೋಗಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ವಾದ ಶುರುವಾಯಿತು. ನನ್ನ ತಮ್ಮ ಹೇಳುವುದು, ಸಿನಿಮಾ ಇಲ್ಲದಿದ್ದರೆ ಆ ಹುಡುಗಿ ಯಾರು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಜನ ನೋಡಿದ್ದು ಜೀನತ್ ಅಮಾನ್‌ರನ್ನ ಅಂತ. ಮಗಳು ಹೇಳುವುದು, ನಾನು ಸಿನಿಮಾ ನೋಡಿಯೇ ಇಲ್ಲ, ನನಗೆ ಯಾಕೆ ಇಷ್ಟ ಆಯಿತು ಹೇಳಿ ಚಿಕ್ಕಪ್ಪ ಅಂತ. ನಾನು ಮಗಳ ಕಡೆ. ನೀವೆಲ್ಲ ಯಾರ ಕಡೆ?

ಗಾಂಧಿನಗರ ಗಲ್ಲಿ
ನಾನು ನಿಮ್ಮ ತಮ್ಮನ ಕಡೆ ಸರ್. 1980ರಲ್ಲಿ ಒಂದು ಹಾಡು ಊರೂರಿಗೆ ಹೋಗುವುದಕ್ಕೆ ದಾರಿ ಯಾವುದಿತ್ತು? ಥಿಯೇಟರ್, ಇಲ್ಲ ಅಂದರೆ ರೇಡಿಯೊ. ರೇಡಿಯೊದಲ್ಲಿ ಜಾಸ್ತಿ ಬರುತ್ತಿದ್ದದ್ದೂ ಸಿನಿಮಾ ಹಾಡುಗಳೇ. ಫಿರೋಜ್ ಖಾನ್, ವಿನೋದ್ ಖನ್ನಾ, ಜೀನತ್, ಅಮ್ಜದ್ ಖಾನ್ ಎಲ್ಲರೂ ಇದ್ದ ಸಿನಿಮಾ. ಜನ ಟಿಕೆಟ್ ತಗೊಂಡದ್ದು ಅವರಿಗಾಗಿ. ಹಾಡು ಅವರ ಬೆನ್ನ ಮೇಲೆ ಕೂತು ಬಂತು. ಕಲ್ಯಾಣ್‌ಜಿ ಆನಂದ್‌ಜಿ ಬೇರೆ ಒಳ್ಳೆ ಟ್ಯೂನ್ ಕೊಟ್ಟಿದ್ದರು.

ಬೇಸ್ ಗಿಟಾರ್
ಒಂದು ತಿದ್ದುಪಡಿ. ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರವು. ಇದೊಂದು ಮಾತ್ರ ಬಿದ್ದು ಅಪ್ಪಯ್ಯ ಅವರದ್ದು. ರೆಕಾರ್ಡ್ ಆದದ್ದೂ ಲಂಡನ್‌ನಲ್ಲಿ, ಮುಂಬೈಯಲ್ಲಲ್ಲ. ಈ ವ್ಯತ್ಯಾಸವೇ ಇಡೀ ವಿಷಯ.

ಗಾಂಧಿನಗರ ಗಲ್ಲಿ
ಹೌದಾ? ಇಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದೆ. ಸರಿ, ಒಪ್ಪಿದೆ. ಆದರೆ ವಾದ ಬಿಡಲ್ಲ.

ಕೊಡಗಿನ ಮಳೆ
ಅಪ್ಪಯ್ಯ ಅನ್ನೋ ಹೆಸರು ನೋಡಿದ ತಕ್ಷಣ ಗೊತ್ತಾಗಬೇಕಲ್ವಾ, ಕೊಡವರು! ಬೆಳೆದದ್ದು ಬೆಂಗಳೂರಲ್ಲಿ. ಅಲ್ಲೇ ಹುಡುಗರು ಸೇರಿಕೊಂಡು 'ಟ್ರೋಜನ್ಸ್' ಅಂತ ಬ್ಯಾಂಡ್ ಕಟ್ಟಿದ್ದರು. ಆಮೇಲೆ ಲಂಡನ್‌ಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಇವರೇ ಮಾಡಿಸಿದ್ದು. ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಒಂದನೇ ಸ್ಥಾನಕ್ಕೆ ಹೋದ ಹಾಡು. ಅದನ್ನು ರೆಕಾರ್ಡಿನ ಹಿಂಬದಿಗೆ ಅಂತ, ಸ್ಟುಡಿಯೊ ಸಮಯ ಮುಗಿಯೋ ಹೊತ್ತಿಗೆ ಅವಸರದಲ್ಲಿ ಹಾಡಿಸಿದ್ದಂತೆ. ನಮ್ಮ ಕಡೆಯವರು ಅಂತ ಎಷ್ಟು ಜನರಿಗೆ ಗೊತ್ತು ಹೇಳಿ.

ಸಂಜೆ ಬಸ್
ಅಷ್ಟೇ ಅಲ್ಲ, ಫಿರೋಜ್ ಖಾನ್ ಕೂಡ ಬೆಂಗಳೂರಲ್ಲಿ ಹುಟ್ಟಿದವರು. 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ. ಅಂದರೆ ಹಾಡು ಬೇಕು ಅಂದವರೂ ಬೆಂಗಳೂರಿನವರು, ಮಾಡಿಕೊಟ್ಟವರೂ ಬೆಂಗಳೂರಿನವರು, ಹಾಡಿದ್ದು ಕರಾಚಿಯಲ್ಲಿ ಹುಟ್ಟಿದ ಹುಡುಗಿ, ಎಲ್ಲರೂ ಸೇರಿದ್ದು ಲಂಡನ್‌ನಲ್ಲಿ. ಯೋಚನೆ ಮಾಡಿದರೆ ಮೈ ಜುಮ್ ಅನ್ನುತ್ತೆ.

ಶ್ರುತಿಪೆಟ್ಟಿಗೆ
ಎಲ್ಲ ಸರಿ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಆ ದನಿಯಲ್ಲಿ ದೊಡ್ಡದೇನೂ ಕೇಳಿಸುವುದಿಲ್ಲ. ಮೂಗಿನಿಂದ ಬರುವ ದನಿ. ಗಮಕ ಇಲ್ಲ, ಸ್ವರ ಹಿಡಿದು ನಿಲ್ಲಿಸುವ ಉಸಿರಿಲ್ಲ. ಆ ವರ್ಷದ ಫಿಲಂಫೇರ್ ಪ್ರಶಸ್ತಿಯೂ ಸಿಕ್ಕಿತು ಅಂತ ಜನ ಹೇಳುತ್ತಾರೆ. ಲತಾ ಮಂಗೇಶ್ಕರ್ 1970ರಲ್ಲೇ ಇನ್ನು ನನಗೆ ಬೇಡ, ಹೊಸಬರಿಗೆ ಕೊಡಿ ಅಂದಿದ್ದರು. ಆಶಾ ಭೋಂಸ್ಲೆ ಏಳು ಸಲ ಗೆದ್ದು 1979ರ ನಂತರ ನನ್ನ ಹೆಸರನ್ನೂ ಪರಿಗಣಿಸಬೇಡಿ ಅಂದರು. ಇಬ್ಬರೂ ಪಕ್ಕಕ್ಕೆ ಸರಿದ ಮೇಲೆ, 1981ರಲ್ಲಿ ಈ ಹುಡುಗಿಗೆ ಬಂತು. ನಾನು ನಲವತ್ತು ವರ್ಷದಿಂದ ಸಂಗೀತ ಹೇಳಿಕೊಡುತ್ತಿದ್ದೇನೆ. ಇದು ಸ್ಟುಡಿಯೊದ ಕೆಲಸ, ಗಂಟಲಿನದ್ದಲ್ಲ.

ಮೌನಿ
ಇಷ್ಟ ಆಗೋದಕ್ಕೆ ಗಮಕ ಬೇಕೇ ಬೇಕಾ ಸರ್?

ಬೇಸ್ ಗಿಟಾರ್
ಶ್ರುತಿಪೆಟ್ಟಿಗೆ ಸರ್, ಸ್ಟುಡಿಯೊದ ಕೆಲಸ ಅಂದಿರಿ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಾನು ಇಪ್ಪತ್ತು ವರ್ಷ ಮಿಕ್ಸಿಂಗ್ ಮಾಡಿದವನು.

ಆ ಕಾಲದಲ್ಲಿ ನಮ್ಮ ಸಿನಿಮಾ ಹಾಡುಗಳು ಸಾಮಾನ್ಯವಾಗಿ ಹೇಗೆ ರೆಕಾರ್ಡ್ ಆಗುತ್ತಿದ್ದವು? ದೊಡ್ಡ ಹಾಲ್. ಪಿಟೀಲಿನವರು, ತಬಲಾದವರು, ಕೊಳಲಿನವರು ಎಲ್ಲ ಒಟ್ಟಿಗೆ. ಗಾಯಕಿ ಗಾಜಿನ ಹಿಂದೆ. ಎಲ್ಲರೂ ಒಂದೇ ಸಲ ನುಡಿಸಬೇಕು, ಹಾಡಬೇಕು. ಯಾರೋ ಒಬ್ಬರು ತಪ್ಪಿದರೆ ಮೊದಲಿಂದ. ಹಾಗಾಗಿ ಆರ್ಕೆಸ್ಟ್ರಾದ ಮೇಲೆ ಎದ್ದು ಕೇಳಿಸುವಂಥ ಚೂಪಾದ, ಎತ್ತರದ ದನಿಯೇ ಬೇಕಿತ್ತು.

ಬಿದ್ದು ಮಾಡಿದ್ದು ಬೇರೆ ರೀತಿ. ಡ್ರಮ್ಸ್ ಬೇರೆ ಟ್ರ್ಯಾಕ್, ಬೇಸ್ ಬೇರೆ, ದನಿ ಬೇರೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ಸ್‌ನ ಏಟು ಗಡಿಯಾರದ ಹಾಗೆ ಒಂದೇ ಸಮ ಬೀಳುತ್ತೆ. ಬೇಸ್ ಗಿಟಾರ್ ಅದರ ಸುತ್ತ ಓಡಾಡುತ್ತೆ. ಇವೆರಡರ ನಡುವೆ ತುಂಬ ಜಾಗ ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗದಲ್ಲಿ ಹುಡುಗಿಯ ದನಿ ಕೂತಿದೆ. ಅದೂ ಒಂದು ದನಿಯಲ್ಲ. ಅದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಇಟ್ಟರೆ ಹೇಗಿರುತ್ತೋ ಹಾಗೆ ದಪ್ಪವಾಗಿ ಕೇಳಿಸುತ್ತೆ. ಸಾಲಿನ ಕೊನೆಯಲ್ಲಿ ಎರಡು ದನಿಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತವೆ, ಅಲ್ಲಿ ಒಂಥರಾ ಮಿನುಗು ಬರುತ್ತೆ.

ಆದರೆ ಎರಡು ಸಲ ಒಂದೇ ಥರ ಹಾಡುವುದು ಸುಲಭ ಅಂದುಕೊಂಡಿದ್ದೀರಾ? ನನ್ನ ಸ್ಟುಡಿಯೊಗೆ ಬಂದ ಎಷ್ಟೋ ದೊಡ್ಡ ಗಾಯಕರು ಇದರಲ್ಲಿ ಸೋತದ್ದು ನೋಡಿದ್ದೀನಿ. ಉಸಿರು, ಅಕ್ಷರ, ಎಳೆತ ಎಲ್ಲವೂ ಹೊಂದಬೇಕು. ಗಮಕ ಜಾಸ್ತಿ ಇದ್ದಷ್ಟೂ ಎರಡನೇ ಸಲ ಹೊಂದಿಸುವುದು ಕಷ್ಟ. ನೇರವಾಗಿ, ಸಲೀಸಾಗಿ ಹಾಡುವ ದನಿಯೇ ಅಲ್ಲಿ ಬೇಕಿತ್ತು.

ಶ್ರುತಿಪೆಟ್ಟಿಗೆ
ನೀವು ಹೇಳಿದ್ದು ಅರ್ಥವಾಯಿತು. ಹಾಗಾದರೆ ನನ್ನ ಮಾತನ್ನೇ ನೀವು ಹೇಳಿದ ಹಾಗಾಯಿತಲ್ಲ. ಆ ತಂತ್ರಕ್ಕೆ ಹೊಂದುವ ದನಿ. ದೊಡ್ಡ ದನಿ ಅಲ್ಲ.

ಬೇಸ್ ಗಿಟಾರ್
ಹೊಂದುವ ದನಿ ಸಿಗೋದೇ ಅಪರೂಪ ಸರ್. ನಾನು ಹೇಳಿದ್ದು ಅದು.

ಪೆಂಡಾಲ್ ಗಾಯಕಿ
ಇಲ್ಲಿ ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಆಗಲಿಲ್ಲ, ಬರೆಯಲೇಬೇಕು.

1983, 84ರಲ್ಲಿ ನಾನು ಭದ್ರಾವತಿ ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಗಣಪತಿ ಹಬ್ಬ ಬಂತು ಅಂದರೆ ತಿಂಗಳಿಡೀ ನಿದ್ದೆ ಇಲ್ಲ. ನನ್ನದು ಜಾನಕಮ್ಮ, ಲತಾ ಹಾಡುಗಳು. ಹೆಣ್ಣು ಹಾಡಬೇಕು ಅಂದರೆ ಶ್ರುತಿ ಎತ್ತರದಲ್ಲೇ ಇರಬೇಕು ಅಂತ ನಂಬಿದ್ದೆ. ಗಂಟಲು ಉಬ್ಬಿಸಿಕೊಂಡು ಹಾಡಿ ಹಾಡಿ ಹಬ್ಬ ಮುಗಿಯೋ ಹೊತ್ತಿಗೆ ದನಿ ಕೂತೇ ಹೋಗುತ್ತಿತ್ತು.

ಎಲ್ಲಿ ಹೋದರೂ ಹುಡುಗರು ಚೀಟಿ ಕಳಿಸುತ್ತಿದ್ದರು, 'ಆಪ್ ಜೈಸಾ' ಹಾಡಿ ಅಂತ. ನನಗೆ ಹಿಂದಿ ಬರುತ್ತಿರಲಿಲ್ಲ. ಅಣ್ಣನ ಟೇಪ್ ರೆಕಾರ್ಡರಿನಲ್ಲಿ ಒಂದೊಂದೇ ಸಾಲು ನಿಲ್ಲಿಸಿ, ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪಲ್ಲವಿಗೆ ನೀಲಿ ಇಂಕು, ಚರಣಕ್ಕೆ ಕೆಂಪು. ಉಸಿರು ತಗೋಬೇಕಾದ ಕಡೆ ಒಂದು ಚುಕ್ಕಿ. ಎರಡು ಪದ ತಪ್ಪು ಬರೆದಿದ್ದೆ, ಹಾಗೇ ವರ್ಷಗಟ್ಟಲೆ ಹಾಡಿದೆ, ಯಾರೂ ಹೇಳಲಿಲ್ಲ.

ಮೊದಲ ದಿನ ರಿಹರ್ಸಲ್‌ನಲ್ಲಿ ನನ್ನ ಅಭ್ಯಾಸದ ಶ್ರುತಿಯಲ್ಲೇ ಶುರು ಮಾಡಿದೆ. ಅಕಾರ್ಡಿಯನ್ ನುಡಿಸುತ್ತಿದ್ದ ಅಣ್ಣ ಕೈ ನಿಲ್ಲಿಸಿದರು. "ಇಳಿಸಮ್ಮಾ" ಅಂದರು. ಇಳಿಸಿದೆ. "ಇನ್ನೂ ಇಳಿಸು." ಮತ್ತೆ ಇಳಿಸಿದೆ. "ನೀನು ಮನೇಲಿ ಅಮ್ಮನ ಹತ್ರ ಕಾಫಿ ಕೇಳ್ತೀಯಲ್ಲ, ಆ ದನೀಲಿ ಹಾಡು" ಅಂದರು. ನಾಚಿಕೆ ಆಯಿತು. ಆ ದನಿಯಲ್ಲಿ ಯಾರಾದರೂ ವೇದಿಕೆ ಮೇಲೆ ಹಾಡುತ್ತಾರಾ ಅಂತ. ಆದರೆ ಹಾಡಿದಾಗ ಗಂಟಲಿಗೆ ಏನೂ ನೋವಾಗಲಿಲ್ಲ. ಮೊದಲ ಸಲ ನನ್ನದೇ ದನಿ ಮೈಕಿನಲ್ಲಿ ಕೇಳಿಸಿಕೊಂಡ ಹಾಗಾಯಿತು.

ಪೆಂಡಾಲಿನಲ್ಲಿ ಮೈಕ್ ಸೆಟ್ಟಿನ ಹುಡುಗ ಎಕೋ ಗುಂಡಿ ತಿರುಗಿಸುತ್ತಿದ್ದ. ಬೇರೆ ಹಾಡಿಗೆ ಸ್ವಲ್ಪ ಮಾತ್ರ. ಇದಕ್ಕೆ ಪೂರ್ತಿ. ಸಾಲಿನ ಕೊನೆಯ ಅಕ್ಷರ ಪೆಂಡಾಲಿನಿಂದ ರಸ್ತೆಗೆ ಹೋಗಿ ತಿರುಗಿ ಬರುತ್ತಿತ್ತು. ಅಲ್ಲಿದ್ದವರಲ್ಲಿ ಎಷ್ಟೋ ಜನ ಸಿನಿಮಾ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಈಗಲೂ ನೋಡಿಲ್ಲ.

ಹಳೇ ರೇಡಿಯೊ
ಅಕ್ಕಾ, ಇದನ್ನು ಮಗಳಿಗೆ ಓದಿ ಹೇಳಿದೆ. "ಕಾಫಿ ಕೇಳೋ ದನಿ" ಅನ್ನೋದನ್ನ ಎರಡು ಸಲ ಓದಿಸಿದಳು.

ಮಲ್ನಾಡ್ ಹುಡುಗ
ಆ ನೋಟ್‌ಬುಕ್ ಇನ್ನೂ ಇದೆಯಾ?

ಪೆಂಡಾಲ್ ಗಾಯಕಿ
ಇದೆ. ಬೀರುವಿನಲ್ಲಿ ಮದುವೆ ಸೀರೆ ಜೊತೆ.

ಗಾಂಧಿನಗರ ಗಲ್ಲಿ
ಅಕ್ಕನ ಅನುಭವ ದೊಡ್ಡದು, ಅದಕ್ಕೆ ಎದುರು ಮಾತಿಲ್ಲ. ಆದರೂ ಮೂಲ ಪ್ರಶ್ನೆ ಹಾಗೇ ಇದೆ. ಆ ಹುಡುಗರು ಚೀಟಿ ಕಳಿಸಿದ್ದು ಸಿನಿಮಾ ಮಾಡಿದ ಸದ್ದಿನಿಂದ ತಾನೇ? ಫಿರೋಜ್ ಖಾನ್ ಲಂಡನ್‌ನ ಒಂದು ಪಾರ್ಟಿಯಲ್ಲಿ ಆ ಹುಡುಗಿಯ ದನಿ ಕೇಳಿ ಬಿದ್ದು ಹತ್ತಿರ ಕಳಿಸದೇ ಇದ್ದಿದ್ದರೆ? ಅವಳು ಅದಕ್ಕೂ ಮೊದಲು ಪಾಕಿಸ್ತಾನದ ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮಗಳಲ್ಲಿ ಹಾಡಿದ್ದಳು. ಆಗಲೂ ಅದೇ ದನಿ ಇತ್ತಲ್ಲ. ಆಗ ಯಾಕೆ ಇಷ್ಟು ಹೆಸರು ಬರಲಿಲ್ಲ?

ಸಂಜೆ ಬಸ್
ಪಾಕಿಸ್ತಾನದ ಮಾತು ನೀವೇ ತೆಗೆದಿರಿ, ಅದನ್ನೇ ನೋಡೋಣ. 1965ರ ಯುದ್ಧದ ನಂತರ ಅಲ್ಲಿಯ ಥಿಯೇಟರ್‌ಗಳಲ್ಲಿ ನಮ್ಮ ಸಿನಿಮಾ ಹಾಕುವುದು ನಿಂತು ಹೋಗಿತ್ತು. 'ಕುರ್ಬಾನಿ'ಯೂ ಅಲ್ಲಿ ಪರದೆಗೆ ಬರಲಿಲ್ಲ. ಆದರೂ ಹಾಡು ಅಲ್ಲಿ ಮನೆ ಮಾತಾಯಿತು. ಥಿಯೇಟರ್ ಇಲ್ಲದ ಕಡೆಯೂ ಹಾಡು ಹೋಯಿತು ಅಂದ ಮೇಲೆ ನಿಮ್ಮ ವಾದ ಎಲ್ಲಿ ನಿಲ್ಲುತ್ತೆ?

ಗಾಂಧಿನಗರ ಗಲ್ಲಿ
ವಿಸಿಆರ್ ಇತ್ತಲ್ಲ ಸರ್. ಕದ್ದು ನೋಡುವವರು ನೋಡುತ್ತಿದ್ದರು.

ಸಂಜೆ ಬಸ್
1980ರಲ್ಲಿ ಎಷ್ಟು ಮನೆಯಲ್ಲಿ ವಿಸಿಆರ್ ಇತ್ತು? ಟೇಪ್ ರೆಕಾರ್ಡರ್ ಎಷ್ಟು ಮನೆಯಲ್ಲಿತ್ತು? ನೀವೇ ಯೋಚಿಸಿ.

ಇನ್ನೊಂದು. ಮರು ವರ್ಷ 1981ರಲ್ಲಿ 'ಡಿಸ್ಕೋ ದಿವಾನೆ' ಬಂತು. ನಾಜಿಯಾ, ಅವರ ತಮ್ಮ ಜೊಹೇಬ್, ಮತ್ತೆ ಬಿದ್ದು. ಅದಕ್ಕೆ ಸಿನಿಮಾನೂ ಇಲ್ಲ, ನಾಯಕಿಯೂ ಇಲ್ಲ. ಬರೀ ಆಲ್ಬಂ. ಎಚ್‌ಎಂವಿಯವರು ತಂದದ್ದು. ಜನ ಮುಗಿಬಿದ್ದು ತಗೊಂಡರು.

ಗಾಂಧಿನಗರ ಗಲ್ಲಿ
ಅದು ತಗೊಂಡದ್ದೇ 'ಕುರ್ಬಾನಿ' ಹುಡುಗಿ ಅಂತ. ಹೆಸರು ಮಾಡಿಕೊಟ್ಟದ್ದು ಸಿನಿಮಾ. ಬಾಗಿಲು ತೆಗೆದವರಿಗೆ ಸ್ವಲ್ಪವಾದರೂ ಲೆಕ್ಕ ಕೊಡಬೇಕಲ್ವಾ?

ಮಲ್ನಾಡ್ ಹುಡುಗ
1982ರ 'ಸ್ಟಾರ್' ಮರೆತಿರಾ? ಕುಮಾರ್ ಗೌರವ್ ಸಿನಿಮಾ. ಅದರ ಹಾಡುಗಳೂ ನಾಜಿಯಾ, ಜೊಹೇಬ್, ಬಿದ್ದು ಅವರದ್ದೇ, 'ಬೂಮ್ ಬೂಮ್' ಅಂತ. ಸಿನಿಮಾ ಮಕಾಡೆ ಮಲಗಿತು. ಹಾಡು ಉಳಿಯಿತು. ಗಲ್ಲಿ ಸರ್, ಬಿದ್ದ ಸಿನಿಮಾ ಬೆನ್ನ ಮೇಲೆ ಕೂತು ಹಾಡು ಎಲ್ಲಿಗೆ ಹೋಗುತ್ತೆ ಹೇಳಿ?

ಮೌನಿ
ಇದಕ್ಕೆ ಉತ್ತರ ಕೊಡಿ ಸರ್.

ಗಾಂಧಿನಗರ ಗಲ್ಲಿ
ಇದು ಒಳ್ಳೆ ಪಾಯಿಂಟ್. ಯೋಚನೆ ಮಾಡಿ ಬರೆಯುತ್ತೇನೆ.

ಅಟ್ಲಾಸ್ ಸೈಕಲ್
ಸ್ವಲ್ಪ ಬೇರೆ ದಿಕ್ಕಿಗೆ ಹೋಗುತ್ತೇನೆ. ಅಮೆರಿಕದಲ್ಲೂ ಇಂಥದ್ದೇ ಒಂದು ಆಗಿದೆ. 1994ರಲ್ಲಿ ಲೀಸಾ ಲೋಬ್ ಅಂತ ಗಾಯಕಿ. ಯಾವ ಕಂಪನಿಯ ಜೊತೆಗೂ ಅವರಿಗೆ ಒಪ್ಪಂದ ಇರಲಿಲ್ಲ. ನಟ ಈಥನ್ ಹಾಕ್ ಅವರ ಪರಿಚಯದವರು, ಅದೇ ಬೀದಿಯಲ್ಲಿ ಎದುರು ಮನೆ. ಅವರು 'ಸ್ಟೇ' ಅನ್ನೋ ಹಾಡನ್ನು ಬೆನ್ ಸ್ಟಿಲ್ಲರ್‌ಗೆ ಕೇಳಿಸಿದರು. ಸ್ಟಿಲ್ಲರ್ ಆಗ 'ರಿಯಾಲಿಟಿ ಬೈಟ್ಸ್' ಸಿನಿಮಾ ಮಾಡುತ್ತಿದ್ದರು. ಸಿನಿಮಾದ ಕೊನೆಗೆ ಹೆಸರುಗಳು ಬರುವಾಗ ಆ ಹಾಡು ಹಾಕಿದರು. ಕಂಪನಿಯ ಒಪ್ಪಂದವೇ ಇಲ್ಲದೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಮೊದಲ ಗಾಯಕಿ ಅವರು. ಜನ ಎದ್ದು ಹೊರಗೆ ಹೋಗುವ ಹೊತ್ತಿನಲ್ಲಿ ಬರುವ ಹಾಡು ಅದು. ಆದರೂ ಗೆದ್ದಿತು. ಅಲ್ಲೂ ಸಿನಿಮಾ ಬಾಗಿಲು ತೆಗೆಯಿತು ಅಷ್ಟೇ, ನಡೆದದ್ದು ಹಾಡು.

ತುಂಗಾ ತೀರ
ನಮ್ಮಲ್ಲೂ ಉದಾಹರಣೆ ಇದೆಯಲ್ಲ. ಶಿವಮೊಗ್ಗ ಸುಬ್ಬಣ್ಣ. ವೃತ್ತಿಯಲ್ಲಿ ವಕೀಲರು, ಹಾಡುತ್ತಿದ್ದದ್ದು ಭಾವಗೀತೆ. ಕಂಬಾರರ 'ಕಾಡು ಕುದುರೆ'ಗೆ ಹಾಡಿದರು, ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಅದು ಬಂದ ಮೊದಲ ಕನ್ನಡಿಗ. ಆ ಸಿನಿಮಾ ಎಷ್ಟು ಜನ ನೋಡಿದ್ದೀರಿ? ಹಾಡು ಎಷ್ಟು ಜನ ಕೇಳಿದ್ದೀರಿ?

ಶ್ರುತಿಪೆಟ್ಟಿಗೆ
ಸುಬ್ಬಣ್ಣನವರ ದನಿಯನ್ನು ಇದರ ಪಕ್ಕ ಇಡಬೇಡಿ, ದಯವಿಟ್ಟು. ಅದು ಎದೆಯಿಂದ ಬರುವ ದನಿ.

ತುಂಗಾ ತೀರ
ದನಿ ಹೋಲಿಸುತ್ತಿಲ್ಲ ಸರ್. ಇಬ್ಬರೂ ಸಿನಿಮಾದವರಲ್ಲ, ಆದರೂ ಒಂದು ಸಿನಿಮಾ ಹಾಡಿನಿಂದ ದೇಶಕ್ಕೆ ಗೊತ್ತಾದರು ಅಂತ ಹೇಳಿದೆ. ಅವರು ವಕೀಲರು, ನಾಜಿಯಾ ಕೂಡ ಮುಂದೆ ಲಂಡನ್‌ನಲ್ಲಿ ಕಾನೂನು ಓದಿದರು.

ಕೊಡಗಿನ ಮಳೆ
ಸಿನಿಮಾ ಬೇಕೇ ಬೇಕು ಅನ್ನುವವರಿಗೆ ಬಿದ್ದು ಅವರೇ ಇನ್ನೊಂದು ಉತ್ತರ ಕೊಟ್ಟಿದ್ದಾರೆ. 1995ರಲ್ಲಿ ಅಲೀಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ'. ಸಿನಿಮಾದ ನಂಟೇ ಇಲ್ಲ.

ಗಾಂಧಿನಗರ ಗಲ್ಲಿ
1995ಕ್ಕೆ ಮನೆ ಮನೆಗೆ ಕೇಬಲ್ ಟಿವಿ ಬಂದಿತ್ತು. ಸಿನಿಮಾದ ಕೆಲಸವನ್ನು ಟಿವಿ ಮಾಡಿತು. ಆ ಹಾಡಿನ ವಿಡಿಯೊ ನೆನಪಿಲ್ಲದವರು ಯಾರಾದರೂ ಇದ್ದಾರಾ? ಮಿಲಿಂದ್ ಸೋಮನ್ ಪೆಟ್ಟಿಗೆಯಿಂದ ಹೊರಗೆ ಬರೋದು?

'ಸ್ಟಾರ್' ವಿಷಯ ಯೋಚಿಸಿದೆ. ಮಲ್ನಾಡ್ ಹುಡುಗ ಹೇಳಿದ್ದು ಸರಿ, ಅಲ್ಲಿ ಸಿನಿಮಾ ಹಾಡಿಗೆ ಏನೂ ಮಾಡಲಿಲ್ಲ. ಆದರೆ 1980ರಲ್ಲಿ ಮಾಡಿತು. ಮೊದಲನೆಯ ಹಾಡಿಗೆ ಸಿನಿಮಾ ಬೇಕಿತ್ತು, ಎರಡನೆಯದಕ್ಕೆ ಬೇಕಿರಲಿಲ್ಲ. ಇಷ್ಟಕ್ಕೆ ಮಾತ್ರ ಇಳಿಯುತ್ತೇನೆ, ಇದರ ಕೆಳಗೆ ಇಲ್ಲ.

ಹಳೇ ರೇಡಿಯೊ
ಇಷ್ಟಕ್ಕೆ ಇಳಿದರೆ ನನಗೂ ಒಪ್ಪಿಗೆ. ತಮ್ಮನಿಗೂ ತೋರಿಸಿದೆ, ಅವನು ಇನ್ನೂ ಜೀನತ್ ಅಮಾನ್ ಬಿಡುತ್ತಿಲ್ಲ.

ನಿಂಬೆಹುಳಿ
ನಾಜಿಯಾ ಆಮೇಲೆ ಏನಾದರು? ನನಗೆ ಈ ಹಾಡು ಬಿಟ್ಟರೆ ಏನೂ ಗೊತ್ತಿಲ್ಲ.

ಸಂಜೆ ಬಸ್
1984ರಲ್ಲಿ 'ಯಂಗ್ ತರಂಗ್', 1987ರಲ್ಲಿ 'ಹಾಟ್‌ಲೈನ್', 1992ರಲ್ಲಿ 'ಕ್ಯಾಮರಾ ಕ್ಯಾಮರಾ'. ಅಲ್ಲಿಗೆ ಹಾಡುವುದು ನಿಲ್ಲಿಸಿದರು. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. ಶ್ವಾಸಕೋಶದ ಕ್ಯಾನ್ಸರ್ ಆಯಿತು. 2000ನೇ ಇಸವಿ ಆಗಸ್ಟ್ 13, ಲಂಡನ್‌ನಲ್ಲಿ ಹೋಗಿಬಿಟ್ಟರು. 35 ವರ್ಷ.

ನಿಂಬೆಹುಳಿ
ಅಯ್ಯೋ. ಮೂವತ್ತೈದೇ?

ಪೆಂಡಾಲ್ ಗಾಯಕಿ
ಆ ಸುದ್ದಿ ನಾನು ಪೇಪರಿನಲ್ಲಿ ಓದಿದ್ದು. ಒಳಪುಟದಲ್ಲಿ ಚಿಕ್ಕದಾಗಿ ಇತ್ತು. ನನಗಿಂತ ಚಿಕ್ಕವಳು ಅಂತ ಗೊತ್ತಾದದ್ದೇ ಆವತ್ತು. ಅಷ್ಟು ವರ್ಷ ಯಾರೋ ದೊಡ್ಡ ಹೆಂಗಸು ಅಂದುಕೊಂಡು ಅವಳ ಹಾಡು ಹಾಡಿದ್ದೆ. ಅವತ್ತು ಸಂಜೆ ನೋಟ್‌ಬುಕ್ ತೆಗೆದು, ಅಡುಗೆ ಮನೆಯಲ್ಲಿ ಒಬ್ಬಳೇ ಇಡೀ ಹಾಡು ಹಾಡಿದೆ. ಆ ಎರಡು ಪದ ಸರಿ ಮಾಡಿಕೊಂಡು.

ಶ್ರುತಿಪೆಟ್ಟಿಗೆ
ತಾಯಿ, ನಿಮ್ಮ ಬರಹ ಓದಿದ ಮೇಲೆ ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಮೂರು ಸಲ ಕೇಳಿದೆ. ಗಮಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಒಂದು ಮಾತು ವಾಪಸ್ ತಗೋತೀನಿ. ಶ್ರುತಿ ಎಲ್ಲೂ ಜಾರಿಲ್ಲ. ಹದಿನೈದು ವಯಸ್ಸಿನ ಹುಡುಗಿಗೆ, ಅಷ್ಟು ಖಾಲಿ ಜಾಗದಲ್ಲಿ, ಬಚ್ಚಿಟ್ಟುಕೊಳ್ಳಲು ಒಂದು ಪಿಟೀಲೂ ಇಲ್ಲದೆ. ನನ್ನ ಹತ್ತಿರ ಕಲಿಯುವ ಆ ವಯಸ್ಸಿನ ಮಕ್ಕಳಿಗೆ ತಂಬೂರಿ ನಿಲ್ಲಿಸಿದರೆ ದನಿ ನಡುಗುತ್ತೆ. ಗಂಟಲಿನದ್ದಲ್ಲ ಅಂತ ಬರೆದಿದ್ದೆ, ಅದು ತಪ್ಪು.

ಬೇಸ್ ಗಿಟಾರ್
ನೀವು ಕೂತು ಕೇಳಿದಿರಲ್ಲ ಸರ್, ತುಂಬಾ ಖುಷಿಯಾಯಿತು.

ಹಳೇ ರೇಡಿಯೊ
ಪೆಂಡಾಲ್ ಅಕ್ಕಾ, ಒಂದು ಸಹಾಯ. ಮಗಳು ಇದನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡುತ್ತೇನೆ ಅಂತಿದ್ದಾಳೆ. ಸಂಗೀತ ಕಲಿತಿಲ್ಲ. ಶ್ರುತಿ ಎಲ್ಲಿಗೆ ಇಟ್ಟುಕೊಳ್ಳಬೇಕು ಅಂತ ಕೇಳುತ್ತಿದ್ದಾಳೆ.

ಪೆಂಡಾಲ್ ಗಾಯಕಿ
ಬೆಳಗ್ಗೆ ಎದ್ದ ತಕ್ಷಣ ನೋಡಬೇಡಿ, ದನಿ ಕೆಳಗಿರುತ್ತೆ. ಸಂಜೆ ಸ್ಕೂಲಿಂದ ಬಂದು ನಿಮ್ಮ ಹತ್ತಿರ ಏನಾದರೂ ಕೇಳುತ್ತಾಳಲ್ಲ, ಆಗ ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಇಲ್ಲಿ ಮೆಸೇಜ್ ಕಳಿಸಿ. ಕೇಳಿ ಹೇಳುತ್ತೇನೆ. ನೋಟ್‌ಬುಕ್ಕಿನ ಪುಟದ ಫೋಟೊನೂ ಕಳಿಸುತ್ತೇನೆ, ಉಸಿರಿನ ಚುಕ್ಕಿ ನೋಡಿಕೊಳ್ಳಲಿ.

ಮೌನಿ
ಇಷ್ಟು ಮಾತಾಡಿದಿರಿ, ಸಾಹಿತ್ಯ ಇಂದೀವರ್ ಅವರದ್ದು ಅಂತ ಒಬ್ಬರೂ ಹೇಳಲಿಲ್ಲ.